ನುಂಗಿದ ಮೇಲೆ ಬರುವ ರುಚಿಗೆ ಕಾಯುವ ಗುರುಶಾಂತಮ್ಮ

"ಯಜಮಾನ್ರೇ, ಆ ಊದುಬತ್ತಿ ಆರಿಸ್ರಿ ಮೊದ್ಲು!"

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತರೀಕೆರೆಯಿಂದ ಲಿಂಗದಹಳ್ಳಿಗೆ ಹೋಗುವ ರಸ್ತೆಯ ಪಕ್ಕದಲ್ಲಿ ಬೀಜ ಸುಲಿದು ಹದಮಾಡುವ ಕಾಫಿ ವರ್ಕ್ಸ್‌ನ ಹಿಂದಿನ ಕೋಣೆಯಿಂದ ಕೂಗು ಬರುತ್ತದೆ. ಮುಂದಿನ ಆಫೀಸಿನಲ್ಲಿ ದೇವರ ಪಟದೆದುರು ಕಣ್ಣು ಮುಚ್ಚಿ ನಿಂತಿದ್ದ ಮಾಲೀಕ ಪ್ರಸನ್ನಕುಮಾರ್ ಬೆಚ್ಚಿಬಿದ್ದು, ಈಗಷ್ಟೇ ಹಚ್ಚಿದ ಊದುಬತ್ತಿ ಹಿಡಿದುಕೊಂಡು ಅಂಗಳಕ್ಕೆ ಓಡುತ್ತಾರೆ. ಹಿಂದಿನ ಕೋಣೆಯಲ್ಲಿ ಗುರುಶಾಂತಮ್ಮ ಕಿಟಕಿಗಳನ್ನೆಲ್ಲ ದಡಬಡ ತೆರೆದು, ಸೆರಗಿನಿಂದ ಗಾಳಿ ಬೀಸಿ ಹೊಗೆ ಓಡಿಸುತ್ತಿದ್ದಾರೆ. ಮೇಜಿನ ಮೇಲೆ ಬಿಳಿಯ ಪಿಂಗಾಣಿ ಬಟ್ಟಲುಗಳ ಸಾಲು. ಒಂದೊಂದರಲ್ಲೂ ತರಿತರಿಯಾಗಿ ಬೀಸಿದ ಕಾಫಿ ಪುಡಿ. ಒಲೆಯ ಮೇಲೆ ನೀರು ಕುದಿಯಲು ಶುರುವಾಗಿದೆ.

"ದಿನಾ ಹೇಳ್ತೀನಿ ಕಣ್ರೀ. ದಿನಾ ಹೂಂ ಅಂತಾರೆ. ಮತ್ತೆ ಮಾರನೇ ದಿನ ಹಚ್ತಾರೆ. ಆಮೇಲೆ ಕಾಫಿಲಿ ಗಂಧದ ವಾಸ್ನೆ ಬಂತು ಅಂತ ನಾನು ಬರೀಲಾ?" ಎಂದು ಗೊಣಗುತ್ತ ಅವರು ಬಟ್ಟಲುಗಳಿಗೆ ಬಿಸಿನೀರು ಹೊಯ್ಯುತ್ತಾರೆ. ಅಷ್ಟರಲ್ಲಿ ಜೊತೆಯ ಕೆಲಸಗಾತಿ ಹೇಮಶ್ರೀ ಒಳಗೆ ಬರುತ್ತಾಳೆ. ಗುರುಶಾಂತಮ್ಮನ ಕಣ್ಣು ನೇರ ಅವಳ ಜಡೆಗೆ ಹೋಗುತ್ತದೆ. ಹುಡುಗಿ ಮಲ್ಲಿಗೆ ದಂಡೆ ಬಿಚ್ಚಿ, ಹೊರಗಿನ ಕಿಟಕಿಯ ಸರಳಿಗೆ ಸಿಕ್ಕಿಸಿ ಬರುತ್ತಾಳೆ.

ಗುರುಶಾಂತಮ್ಮನ ಕೆಲಸ ಕಾಫಿಯ ರುಚಿ ನೋಡುವುದು. ಸುತ್ತಲಿನ ಬೆಟ್ಟದ ಇಳಿಜಾರುಗಳ ಸಣ್ಣ ಬೆಳೆಗಾರರು ತಂದ ಬೀಜವನ್ನು ಹುರಿದು, ಬೀಸಿ, ನೀರಿನಲ್ಲಿ ನೆನೆಸಿ, ಚಮಚದಲ್ಲಿ ಸುರ್ರೆಂದು ಹೀರಿ, ಯಾವುದು ಒಳ್ಳೆಯದು, ಯಾವುದು ಸಾಧಾರಣ, ಯಾವುದು ಕೆಟ್ಟಿದೆ ಎಂದು ಹೇಳುವುದು. ದೂರದ ನಗರಗಳಲ್ಲಿ ಗಾಜಿನ ಲೋಟದಲ್ಲಿ ಹಾಲು ಸಕ್ಕರೆ ಇಲ್ಲದೆ ಕಾಫಿ ಕುಡಿಯುವವರು ಹೆಚ್ಚುತ್ತಿದ್ದಾರೆ. ಅಂಥವರಿಗಾಗಿಯೇ ಈಗ ಕೆಲವರ ಬೀಜ ಬೇರೆಯಾಗಿ, ಬೆಳೆದವರ ಹೆಸರಿನಲ್ಲೇ ಹೋಗುತ್ತದೆ. ಉಳಿದದ್ದು ಎಲ್ಲರ ಬೀಜದ ಜೊತೆ ಬೆರೆತು ರಾಶಿಗೆ ಸೇರುತ್ತದೆ. ಹೆಸರೋ ರಾಶಿಯೋ ಎಂಬುದು ತೀರ್ಮಾನವಾಗುವುದು ಈ ಕೋಣೆಯಲ್ಲಿ.

ಅದರಲ್ಲೂ ಗುರುಶಾಂತಮ್ಮ ಎಲ್ಲಕ್ಕಿಂತ ಹೆಚ್ಚು ಕಾಯುವುದು ಒಂದಕ್ಕೆ. ಹೀರಿ, ಬಾಯಿ ತುಂಬ ಆಡಿಸಿ, ಉಗುಳಿಯೋ ನುಂಗಿಯೋ ಆದ ಮೇಲೆ ಬಾಯಲ್ಲಿ ಉಳಿಯುವ ರುಚಿಗೆ. ಹೇಮಶ್ರೀ ತುಂಬುವ ಹಾಳೆಯಲ್ಲಿ ಅದಕ್ಕೆ 'ಆಫ್ಟರ್‌ಟೇಸ್ಟ್' ಎಂಬ ಕಲಂ ಇದೆ. ಗುರುಶಾಂತಮ್ಮನ ಮಾತಿನಲ್ಲಿ ಅದು 'ಆಮೇಲಿಂದು'. "ಮುಂಚಿಂದು ಹೆಂಗಾದ್ರೂ ಇರ್ಲಿ. ಆಮೇಲಿಂದು ಹೆಂಗೈತೆ ಹೇಳು" ಎನ್ನುತ್ತಾರೆ. ಚಮಚ ಕೆಳಗಿಟ್ಟು, ತುಟಿ ಮುಚ್ಚಿ, ಮೂಗಿನಿಂದ ಮೆಲ್ಲಗೆ ಉಸಿರು ಬಿಡುತ್ತ ಕೂತುಬಿಡುತ್ತಾರೆ. ಆಗ ಯಾರಾದರೂ "ಹೇಗಿದೆ?" ಎಂದರೋ, ಮುಗಿಯಿತು.

"ಎಲ್ಲಾರ್ಗೂ ಅರ್ಜೆಂಟು. ಬಾಯಿಗೆ ಹಾಕ್ತಿದ್ದಂಗೆ ಹೆಂಗೈತೆ ಹೆಂಗೈತೆ ಅಂತಾರೆ. ಇನ್ನೂ ಬಂದೇ ಇಲ್ಲ, ಏನು ಹೇಳ್ಲಿ? ಕೆಲವು ಕಾಫಿ ಬಾಯಿಗೆ ಬಿದ್ದಾಗ ಜಾಣ ಥರ ಇರ್ತಾವೆ. ನುಂಗಿದ್ಮೇಲೆ ಹಳೇ ಗೋಣಿಚೀಲ ನೆಕ್ಕಿದಂಗೆ. ಇನ್ನು ಕೆಲವು ಮೊದ್ಲು ಏನೂ ಅನ್ಸಲ್ಲ. ಸ್ವಲ್ಪ ತಡೆದ್ರೆ ಬೆಲ್ಲದ ಪಾಕ ಬಂದಂಗೆ ಬತ್ತಾವೆ. ತಣ್ಣಗಾದ್ಮೇಲೆ ಇನ್ನೊಂದ್ಸಲ ನೋಡ್ಬೇಕು. ಬಿಸೀಲಿ ಮುಚ್ಚಿಟ್ಕೊಂಡಿದ್ದೆಲ್ಲ ಆಗ ಹೊರಗೆ ಬತ್ತೈತೆ."

ವಿಚಿತ್ರವೆಂದರೆ ಇವರು ಹುಟ್ಟಿದ್ದು ಕಾಫಿ ಗಿಡವೇ ಇಲ್ಲದ ಊರಿನಲ್ಲಿ. ಕಡೂರು ತಾಲ್ಲೂಕಿನ ಚೌಳಹಿರಿಯೂರಿನ ಬಳಿ ಅಪ್ಪನಿಗೆ ಸ್ವಲ್ಪ ಖುಷ್ಕಿ ಜಮೀನು, ಒಂದಿಷ್ಟು ತೆಂಗು. ಮನೆಯಲ್ಲಿ ಕಾಫಿ ಎಂದರೆ ನೆಂಟರು ಬಂದಾಗ ಬೆಲ್ಲ ಹಾಕಿ ಕುದಿಸಿದ ಕರಿ ನೀರು. ಮದುವೆಯಾಗಿ ಲಿಂಗದಹಳ್ಳಿಗೆ ಬಂದ ಮೇಲೆ, ಲಾರಿ ಓಡಿಸುವ ಗಂಡನ ಸಂಪಾದನೆ ಸಾಲದೆ ಈ ವರ್ಕ್ಸ್‌ಗೆ ಬೀಜ ಆರಿಸಲು ಸೇರಿದರು. ಧೂಳಿನ ಶೆಡ್ಡಿನಲ್ಲಿ ಕುಕ್ಕರುಗಾಲಲ್ಲಿ ಕೂತು ಕಪ್ಪು ಬೀಜ, ಒಡಕು ಬೀಜ ಬೇರೆ ಮಾಡುವ ಕೆಲಸ. ಬೆನ್ನು ಹಿಡಿದುಕೊಂಡಿತು, ಕೆಮ್ಮು ಬಿಡಲಿಲ್ಲ.

ಆಗ ಇಲ್ಲಿ ರುಚಿ ನೋಡುತ್ತಿದ್ದವರು ಅಜ್ಜಂಪುರದ ದತ್ತಾತ್ರಿ. ಬಟ್ಟಲು ತೊಳೆಯಲು ಒಬ್ಬರು ಬೇಕೆಂದು ಗುರುಶಾಂತಮ್ಮನನ್ನು ಒಳಗೆ ಕರೆದುಕೊಂಡರು. ಒಂದು ದಿನ ಇವರ ಕೈಗೂ ಚಮಚ ಕೊಟ್ಟರು. "ಕುಡಿದ ತಕ್ಷಣ ಕಹಿ ಸಾರ್ ಅಂದೆ. ಕಹಿ ಅಂತ ನನಗೂ ಗೊತ್ತು ಕಣಮ್ಮ, ಬಾಯಿ ಮುಚ್ಚು ಅಂದ್ರು" ಎಂದು ಗುರುಶಾಂತಮ್ಮ ನಗುತ್ತಾರೆ. ಅವರು ನಗುವುದು ಅಪರೂಪ. ದತ್ತಾತ್ರಿಯವರಿಂದ ವರ್ಷಗಟ್ಟಲೆ ಕಲಿತರು. ಅವರು ನಿವೃತ್ತರಾಗಿ ಊರಿಗೆ ಹೋದ ಮೇಲೆ ಚಮಚ ಇವರ ಪಾಲಿಗೆ ಬಂತು.

ಚಮಚದ ಜೊತೆಗೆ ಪಥ್ಯವೂ ಬಂತು. ಉಪ್ಪಿನಕಾಯಿ ಇಲ್ಲ. ಹಸಿ ಈರುಳ್ಳಿ ಇಲ್ಲ. ಎಲೆ-ಅಡಿಕೆಯಂತೂ ಇಲ್ಲವೇ ಇಲ್ಲ. ಮದುವೆ ಮನೆಯಲ್ಲಿ ಕೊಟ್ಟ ತಾಂಬೂಲವನ್ನು ಸೆರಗಿಗೆ ಗಂಟು ಹಾಕಿಕೊಂಡು ಬಂದು ಪಕ್ಕದ ಮನೆಯವರಿಗೆ ಕೊಡುತ್ತಾರೆ. "ಬಿಂಕ ಜಾಸ್ತಿ ಅಂತಾರೆ ನೆಂಟ್ರು. ಅಂದ್ಕೊಳ್ಳಿ. ಒಬ್ಬೊಬ್ರಿಗೂ ಕೂತು ಬಿಡಿಸಿ ಹೇಳೋಕಾಗುತ್ತಾ?" ಸುಗ್ಗಿಯ ದಿನಗಳಲ್ಲಿ ಇನ್ನೂರು ಚಮಚ ಹೀರಿದ್ದೂ ಉಂಟು. ಅಂಥ ಸಂಜೆ ಮನೆಗೆ ಹೋದರೆ ಅನ್ನಕ್ಕೂ ಸಾರಿಗೂ ವ್ಯತ್ಯಾಸ ತಿಳಿಯುವುದಿಲ್ಲ.

ಇಷ್ಟು ಕಟ್ಟುನಿಟ್ಟಿನ ಗುರುಶಾಂತಮ್ಮನಿಗೇ ಈ ವರ್ಷ ಒಂದು ಪೇಚು ಬಂತು.

ಹೆಬ್ಬೆ ಕಡೆಯ ಇಳಿಜಾರಿನಲ್ಲಿ ಹಾಲಮ್ಮ ಎಂಬ ಬೆಳೆಗಾರ್ತಿ ಇದ್ದಾರೆ. ಗಂಡ ಹೆಂಡತಿ ಇಬ್ಬರೇ ದುಡಿದು ಬೆಳೆಯುವಷ್ಟು ತೋಟ. ಪ್ರತಿ ವರ್ಷ ಅವರ ಕಾಫಿ ರಾಶಿಗೇ ಹೋಗುತ್ತಿತ್ತು. ಈ ವರ್ಷ ಹಟ ತೊಟ್ಟು, ಪೂರ್ತಿ ಕೆಂಪಾದ ಹಣ್ಣನ್ನಷ್ಟೇ ಬಿಡಿಸಿ, ಸಿಪ್ಪೆ ತೆಗೆಯುವ ಪಲ್ಪರ್ ಯಂತ್ರಕ್ಕೆ ಹೊಸ ತಾಮ್ರದ ತಗಡು ಹಾಕಿಸಿ, ಬೀಜವನ್ನು ನೆಲಕ್ಕೆ ತಾಗದಂತೆ ಬಲೆಯ ಮಂಚದ ಮೇಲೆ ಒಣಗಿಸಿದರು. ಚೆನ್ನಾಗಿದ್ದರೆ ಪೊಟ್ಟಣದ ಮೇಲೆ ನಿಮ್ಮ ಹೆಸರನ್ನೇ ಅಚ್ಚು ಹಾಕುತ್ತೇವೆ ಎಂದು ಕಾಫಿ ಹುರಿದು ಮಾರುವ ಮೈಸೂರಿನ ಅಂಗಡಿಯವರೊಬ್ಬರು ಹೇಳಿದ್ದರು.

ಹಾಲಮ್ಮನ ಮಾದರಿ ಮೇಜಿಗೆ ಬಂದ ದಿನ ಬೇರೆ ಯಾರ ಕಾಫಿಯೂ ಇರಲಿಲ್ಲ. ಗುರುಶಾಂತಮ್ಮ ಹೀರಿದರು. ಮುಂಚಿನದು ಚೆನ್ನಾಗಿತ್ತು. ಉಗುಳಿ, ಬಾಯಿ ಮುಚ್ಚಿ ಕೂತರು. ಆಮೇಲೆ ಅವರ ಮುಖ ಗಂಟಾಯಿತು. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಣಸೆಹುಳಿ ಇಟ್ಟರೆ ಬರುತ್ತದಲ್ಲ, ಆ ಕಿಲುಬು ಬಾಯಿ ತುಂಬಿತ್ತು. ಎಲ್ಲ ಬಟ್ಟಲಲ್ಲೂ ಅದೇ. ತಣ್ಣಗಾದ ಮೇಲೆ ಇನ್ನೂ ಜೋರು.

"ನಿನಗೆ?" ಎಂದು ಹೇಮಶ್ರೀಯನ್ನು ಕೇಳಿದರು.

ಹೇಮಶ್ರೀ ಒಂದು ಕ್ಷಣ ತಡೆದು, "ನೀವು ಹೇಳಿದ ಹಾಗೇ ಅಕ್ಕಾ" ಎಂದಳು.

ಹಾಲಮ್ಮನನ್ನು ಕರೆಸಿ ಮಾತಾಡಿದಾಗ ಹೊಸ ತಾಮ್ರದ ತಗಡಿನ ಸುದ್ದಿ ಹೊರಬಿತ್ತು. ಅಲ್ಲಿಗೆ ಕಾರಣವೂ ಸಿಕ್ಕಂತಾಯಿತು. "ಯಂತ್ರ ಸರಿಯಾಗಿ ತೊಳೆದಿಲ್ಲ ಕಣಮ್ಮ ನೀನು. ಕಿಲುಬು ಹತ್ತೈತೆ" ಎಂದರು ಗುರುಶಾಂತಮ್ಮ.

"ದಿನಾ ತೊಳ್ದಿದೀನಿ ಅಕ್ಕಾ! ನನ್ನ ಮಗು ಮುಖ ತೊಳ್ದಂಗೆ ತೊಳ್ದಿದೀನಿ!"

"ನಾಲಿಗೆ ಸುಳ್ಳು ಹೇಳುತ್ತಾ?"

ಹಾಲಮ್ಮ ಅಳಲಿಲ್ಲ, ಜಗಳವನ್ನೂ ಮುಂದುವರಿಸಲಿಲ್ಲ. ಮನೆಗೆ ಹೋಗಿ ಗಂಡನ ಕೈಲಿ ಪಲ್ಪರ್ ಪೂರ್ತಿ ಬಿಚ್ಚಿಸಿದರು. ಎಲ್ಲೂ ಹಸಿರು ಕಲೆಯಿಲ್ಲ. ಅಷ್ಟು ಖರ್ಚು ಮಾಡಿಸಿ ಹಾಕಿಸಿದ ತಗಡು ಯಾಕೆ ಕೀಳಿಸಿದೆ ಎಂದು ಗಂಡ ಸಿಡುಕಿ ಮಾತು ಬಿಟ್ಟರು. ಇತ್ತ ಹಾಲಮ್ಮನ ಮೂಟೆಗಳ ಮೇಲೆ 'ರಾಶಿ' ಎಂಬ ಚೀಟಿ ಬಿತ್ತು.

ಮುಂದಿನ ವಾರ ಇನ್ನಿಬ್ಬರ ಮಾದರಿ ಬಂತು. ಅದರಲ್ಲೂ ಕಿಲುಬು. ಗುರುಶಾಂತಮ್ಮನಿಗೆ ತಲೆ ಕೆಟ್ಟಿತು. ಚಮಚ ಬದಲಾಯಿಸಿದರು. ನೀರಿನ ಕ್ಯಾನ್ ಬದಲಾಯಿಸಿದರು. ಕೆಟಲ್ಲನ್ನು ಹುಣಸೆಹಣ್ಣು ಹಾಕಿ ತಿಕ್ಕಿಸಿದರು. ಬೀಸುವ ಯಂತ್ರ ಬಿಚ್ಚಿ ಬ್ರಷ್ಷಿನಲ್ಲಿ ಉಜ್ಜಿದರು. ಬಟ್ಟಲು ತೊಳೆಯುವ ಹುಚ್ಚಮ್ಮನ ಮೇಲೆ ರೇಗಿದರು. "ಯಾವ ಪುಡಿ ಹಾಕಿ ತೊಳೀತಿದೀಯೇ?" ಎಂದರೆ, "ನೀವು ಬೇಡ ಅಂದ್ಮೇಲೆ ಪುಡಿ ಮುಟ್ಟಿ ಎಷ್ಟು ವರ್ಷ ಆಯ್ತು, ಬರೀ ಬಿಸಿನೀರು ಕಣಕ್ಕ" ಎಂದು ಅವರೂ ತಿರುಗಿ ರೇಗಿದರು. ಪ್ರಸನ್ನಕುಮಾರ್ ತಿಂಗಳೊಪ್ಪತ್ತು ಊದುಬತ್ತಿಯನ್ನೇ ನಿಲ್ಲಿಸಿ, ದೇವರಿಗೆ ಬರೀ ಹೂವಿಟ್ಟರು. ಕಿಲುಬು ಹೋಗಲಿಲ್ಲ.

ಇಷ್ಟಾದರೂ ಹಾಲಮ್ಮನ ಚೀಟಿ ಬದಲಾಗಲಿಲ್ಲ. "ಹಾಲಮ್ಮಂದು ತಗಡಿನ ಕಿಲುಬು, ಇವ್ರದು ನಮ್ಮ ಕೋಣೆ ಕಿಲುಬು ಅಂತ ನನಗೆ ನಾನೇ ಹೇಳ್ಕೊಂಡೆ. ಒಂದ್ಸಲ ಬಾಯಿಂದ ಮಾತು ಬಂದ್ಮೇಲೆ ಹಿಂದಕ್ಕೆ ತಗೊಳ್ಳೋಕೆ ಮನಸ್ಸು ಬರ್ಲಿಲ್ಲ ಕಣ್ರೀ" ಎಂದು ಗುರುಶಾಂತಮ್ಮ ಈಗ ಹೇಳುತ್ತಾರೆ. ಹೇಳುವಾಗ ತಮ್ಮ ಮೇಲೇ ಸಿಟ್ಟು ಬಂದು ಮೇಜನ್ನು ಎರಡು ಸಲ ಒರೆಸುತ್ತಾರೆ.

ಹೀಗಿರುವಾಗ ಒಂದು ಭಾನುವಾರ ತವರಿಗೆ ಹೋಗಿದ್ದರು. ಅವರ ತಮ್ಮ, ತಮ್ಮಯ್ಯ, ಆಗ ತಾನೇ ಮರದಿಂದ ಇಳಿಸಿದ ಎಳನೀರನ್ನು ಕೆತ್ತಿ ಕೈಗೆ ಕೊಟ್ಟರು. ಬಿಸಿಲಿಗೆ ದಣಿದಿದ್ದ ಗುರುಶಾಂತಮ್ಮ ಗಟಗಟ ಕುಡಿದು ಬುರುಡೆ ಕೆಳಗಿಟ್ಟರು. ರೂಢಿಯಂತೆ ತುಟಿ ಮುಚ್ಚಿ, ಮೂಗಿನಿಂದ ಉಸಿರು ಬಿಟ್ಟರು. ಆಗ ಬಂತು. ಅದೇ ಕಿಲುಬು.

"ಲೇ ತಮ್ಮಯ್ಯ, ಎಳನೀರಲ್ಲಿ ಕಿಲುಬು ಐತೆ ಕಣೋ."

"ಏನಕ್ಕಾ ನೀನು! ಕಾಫಿಗೆ ಹೆಸ್ರಿಟ್ಟಿದ್ದು ಸಾಲ್ದು ಅಂತ ನಮ್ಮ ತೆಂಗಿಗೂ ಇಡ್ತೀಯಾ?" ತಮ್ಮಯ್ಯ ಇನ್ನೊಂದು ಬುರುಡೆ ಕೆತ್ತಿ ತಾವೇ ಕುಡಿದು ನೋಡಿದರು. "ಸಕ್ಕರೆ ಇದ್ದಂಗೈತೆ!"

ಗುರುಶಾಂತಮ್ಮ ಕಟ್ಟೆಯ ಮೇಲೆ ಕೂತರು. ಬುರುಡೆಯಲ್ಲಿ ತಾಮ್ರ ಎಲ್ಲಿಂದ ಬರಬೇಕು? ಬಾಯಿ ಮುಕ್ಕಳಿಸಿ, ಏನೂ ಕುಡಿಯದೆ, ಏನೂ ತಿನ್ನದೆ, ಬರೀ ಬಾಯಿಯನ್ನೇ ರುಚಿ ನೋಡಿದರು. ಅಲ್ಲೂ ಇತ್ತು. ಕಾಫಿ ಬಾಯಲ್ಲಿರುವಾಗ ಅದರಡಿಗೆ ಅಡಗಿರುತ್ತಿತ್ತು. ಉಗುಳಿದ ಮೇಲೆ ಮೇಲೇಳುತ್ತಿತ್ತು. ಹಾಲಮ್ಮನ ಕಾಫಿ ನೋಡಿದ ವಾರವೇ ತಮಗೆ ಏನಾದರೂ ಹೊಸತು ಆಗಿತ್ತೇ ಎಂದು ನೆನೆಸಿಕೊಂಡರು. ಆಗಿತ್ತು. ತಲೆಸುತ್ತು ಬಂದು ಕಡೂರಿನ ಡಾಕ್ಟರಿಗೆ ತೋರಿಸಿದ್ದರು. ಬಿಪಿ ಇದೆ ಎಂದು ಅವರು ದಿನಕ್ಕೊಂದು ಮಾತ್ರೆ ಬರೆದುಕೊಟ್ಟಿದ್ದರು.

ಸೋಮವಾರ ಕೆಲಸಕ್ಕೆ ಬರುವ ಬದಲು ಕಡೂರಿನ ಡಾಕ್ಟರ ಬಾಗಿಲಲ್ಲಿ ನಿಂತಿದ್ದರು.

"ಕೆಲವು ಮಾತ್ರೆ ಕೆಲವರಿಗೆ ಬಾಯಿ ರುಚಿ ಕೆಡಿಸುತ್ತವಮ್ಮ. ಬೇರೆ ಕೊಡ್ತೀನಿ, ನೀವಾಗಿ ಮಾತ್ರ ನಿಲ್ಲಿಸಬೇಡಿ. ಸರಿಹೋಗೋಕೆ ಸ್ವಲ್ಪ ದಿನ ಹಿಡಿಯುತ್ತೆ" ಎಂದು ಡಾಕ್ಟರು ಚೀಟಿ ಬರೆಯುತ್ತ, "ಕಾಫಿ ಕಮ್ಮಿ ಮಾಡಿ ಅಂದಿದ್ದೆ, ಮಾಡಿದ್ರಾ?" ಎಂದರು.

"ನುಂಗೋದು ಕಮ್ಮೀನೇ ಸಾರ್. ಉಗುಳೋದೇ ಜಾಸ್ತಿ."

ಆಗ ಡಾಕ್ಟರಿಗೆ ಅವರ ಕೆಲಸ ಏನೆಂದು ಗೊತ್ತಾಯಿತು. ಮೊದಲೇ ಹೇಳಬೇಕಿತ್ತಲ್ಲ ಎಂದರು. ಹೇಳಬೇಕೆಂದು ಇವರಿಗೆ ಹೊಳೆದಿರಲಿಲ್ಲ.

ಹೊರಗೆ ಬಂದವರೇ ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ಕಿವಿ ಮುಚ್ಚಿಕೊಂಡು ಪ್ರಸನ್ನಕುಮಾರ್‌ಗೆ ಫೋನ್ ಮಾಡಿದರು. "ಹಾಲಮ್ಮನ ಮೂಟೆ ಮುಟ್ಬೇಡಿ ಯಜಮಾನ್ರೇ!"

ಆ ಕಡೆ ಪ್ರಸನ್ನಕುಮಾರ್ ಪುಸ್ತಕ ತಿರುವಿದ ಸದ್ದಾಯಿತು. "ಶನಿವಾರವೇ ಅರ್ಧ ಮಿಷನ್‌ಗೆ ಹೋಯ್ತಲ್ಲ ಗುರುಶಾಂತಮ್ಮ. ರಾಶಿಗೆ ಬೆರೆತುಹೋಗಿದೆ. ಇನ್ನರ್ಧ ಇದೆ. ಯಾಕೆ, ಏನಾಯ್ತು?"

ಮಾರನೆಯ ದಿನ ಹಾಲಮ್ಮನನ್ನು ಕರೆಸಿದರು. ಗುರುಶಾಂತಮ್ಮ ಸುತ್ತಿಬಳಸಲಿಲ್ಲ. "ನಿನ್ನ ಕಾಫೀಲಿ ಏನೂ ಇರ್ಲಿಲ್ಲ. ನನ್ನ ಬಾಯಲ್ಲಿತ್ತು" ಎಂದರು.

ಹಾಲಮ್ಮನ ಕೋಪ ಆಗ ಹೊರಬಿತ್ತು. "ಅವತ್ತು ಏನಂದ್ರಿ? ನಾಲಿಗೆ ಸುಳ್ಳು ಹೇಳುತ್ತಾ ಅಂದ್ರಿ. ಪಲ್ಪರ್ ಬಿಚ್ಚಿ ಹರವ್ಕೊಂಡು ಕೂತಿದ್ದೆ. ನನ್ನ ಗಂಡ ಇವತ್ತಿಗೂ ಸರಿಯಾಗಿ ಮಾತಾಡ್ತಿಲ್ಲ. ಒಂದೊಂದು ಹಣ್ಣು ನೋಡ್ನೋಡಿ ಬಿಡಿಸಿದ್ದು ರಾಶಿಗೆ ಸುರಿದ್ಬಿಟ್ರಲ್ಲ!"

ಗುರುಶಾಂತಮ್ಮ ತಲೆ ತಗ್ಗಿಸಿ ಕೇಳಿಸಿಕೊಂಡರು. ಆಮೇಲೆ ಹೇಮಶ್ರೀ ಕಡೆ ತಿರುಗಿದರು. "ನೀನು ಹೇಳೇ. ಅವತ್ತು ನಿನಗೆ ಕಿಲುಬು ಸಿಕ್ತಾ?"

"ಇಲ್ಲ ಅಕ್ಕಾ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀವು ಅಷ್ಟು ವರ್ಷದಿಂದ... ನನ್ನ ಬಾಯೇ ಸರಿ ಇಲ್ವೇನೋ ಅನ್ಕೊಂಡೆ."

"ಅಯ್ಯೋ ನಿನ್ನ! ಇಬ್ರನ್ನ ಇಲ್ಲಿ ಕೂರಿಸಿರೋದು ಯಾಕೆ ಮತ್ತೆ? ನಾನು ಅಂದಿದ್ದಕ್ಕೆಲ್ಲ ಹೂಂ ಅನ್ನೋಕೆ ನೀನು ಬೇಕಾ? ಗೋಡೆ ಸಾಕಾಗಿತ್ತು!" ಗುರುಶಾಂತಮ್ಮ ರೇಗಿದರು. ಈ ಹುಡುಗಿ ಬಾಯಿ ಬಿಡದಂತೆ ಮಾಡಿದ್ದು ಬೇರೆ ಯಾರೂ ಅಲ್ಲ, ತಾನೇ ಎಂಬುದು ಅವರಿಗೂ ಗೊತ್ತಿತ್ತು. ಚಮಚವನ್ನು ಅವಳ ಕೈಗೆ ಕೊಟ್ಟು, ತಾವು ಮೂಲೆಯ ಸ್ಟೂಲಿನ ಮೇಲೆ ಕೂತರು.

ಉಳಿದಿದ್ದ ಅರ್ಧದಿಂದ ಹೊಸ ಮಾದರಿ ಹುರಿದು ಬಟ್ಟಲಿಗೆ ಹಾಕಿದ್ದರು. ಹೇಮಶ್ರೀ ಹೀರಿದಳು, ಉಗುಳಿದಳು, ಕಾದಳು. ಹಾಲಮ್ಮ ಸೆರಗು ಹಿಂಡುತ್ತ ನಿಂತಿದ್ದರು. ಪ್ರಸನ್ನಕುಮಾರ್ ಬಾಗಿಲಲ್ಲಿದ್ದರು. ಯಾರೂ ಹೇಗಿದೆ ಎಂದು ಕೇಳಲಿಲ್ಲ.

"ಮೊದಲು ಕಿತ್ತಳೆ ಥರ ತೆಳ್ಳಗೆ ಹುಳಿ" ಎಂದಳು ಹೇಮಶ್ರೀ, ನಿಧಾನವಾಗಿ. "ಅದು ಹೋಯ್ತು. ಈಗ ನೇರಳೆ ಹಣ್ಣು ತಿಂದ ಮೇಲೆ ಒಗರು ಇರುತ್ತಲ್ಲ, ಹಾಗೆ. ಇನ್ನೂ ಇದೆ... ಈಗ ಸಿಹಿ ಆಗ್ತಿದೆ. ಆಲೆಮನೆ ಮುಂದೆ ಹಾದುಹೋದ ಹಾಗೆ." ಸ್ವಲ್ಪ ಬಿಟ್ಟು ಮತ್ತೆ, "ಇನ್ನೂ ಹೋಗಿಲ್ಲ ಅಕ್ಕಾ" ಎಂದಳು.

"ಕ್ಲೀನ್ ಐತಾ?"

"ಪೂರ್ತಿ ಕ್ಲೀನ್."

"ನನಗೂ ಕೊಡ್ರಿ" ಎಂದರು ಹಾಲಮ್ಮ ಇದ್ದಕ್ಕಿದ್ದಂತೆ. ಇಷ್ಟು ವರ್ಷ ಕಾಫಿ ಬೆಳೆದರೂ ತಮ್ಮ ತೋಟದ ಬೀಜವನ್ನು ಹಾಲು ಬೆಲ್ಲ ಇಲ್ಲದೆ ಅವರು ಬಾಯಿಗೆ ಹಾಕಿರಲಿಲ್ಲ. ಒಂದು ಚಮಚ ಕುಡಿದು ಮುಖ ಹುಳ್ಳಗೆ ಮಾಡಿದರು. "ಥೂ! ಇದಕ್ಕಾ ಇಷ್ಟೆಲ್ಲ ರಂಪ?"

"ಸುಮ್ನಿರು" ಎಂದರು ಮೂಲೆಯಿಂದ ಗುರುಶಾಂತಮ್ಮ. "ಬಾಯಿ ಮುಚ್ಚು. ಮೂಗಲ್ಲಿ ಉಸಿರು ಬಿಡು."

ಹಾಲಮ್ಮ ಸಿಟ್ಟಿನಲ್ಲೇ ಬಾಯಿ ಮುಚ್ಚಿದರು. ಹುಬ್ಬಿನ ಗಂಟು ಮೆಲ್ಲಗೆ ಸಡಿಲವಾಯಿತು. ಬಟ್ಟಲಿನ ಕಡೆ ಮತ್ತೆ ಕೈಚಾಚಿದರು.

ಆ ಅರ್ಧ ಮೈಸೂರಿಗೆ ಹೋಯಿತು. 'ಹಾಲಮ್ಮ, ಹೆಬ್ಬೆ' ಎಂದು ಅಚ್ಚಾದ ಪೊಟ್ಟಣ ಈಗ ವರ್ಕ್ಸ್‌ನ ಆಫೀಸಿನಲ್ಲೂ ಒಂದಿದೆ. ರಾಶಿಗೆ ಬೆರೆತ ಅರ್ಧ ಬೆರೆತೇ ಹೋಯಿತು. ಹಾಲಮ್ಮ ಈ ಕಡೆ ಬಂದಾಗ ಗುರುಶಾಂತಮ್ಮನನ್ನು ಮಾತಾಡಿಸುತ್ತಾರೆ. "ಮಾತಾಡ್ತೀನಿ. ಆದ್ರೆ ಮರ್ತಿಲ್ಲ" ಎಂದು ಅವರೇ ಹೇಳುತ್ತಾರೆ. ಅವರ ಗಂಡ ತಗಡನ್ನು ಮತ್ತೆ ಕೂರಿಸಿದ್ದಾರೆ.

ಹೊಸ ಮಾತ್ರೆಗೆ ನಾಲಿಗೆ ತಿಳಿಯಾಗುವವರೆಗೆ ಗುರುಶಾಂತಮ್ಮ ಚಮಚ ಮುಟ್ಟಲಿಲ್ಲ. ಬೀಜ ಆರಿಸುವ ಹೆಂಗಸರ ಜೊತೆ ಶೆಡ್ಡಿನಲ್ಲಿ ಕೂತು ಕೈಯಾಡಿಸಿದರು. ಒಂದು ಬೆಳಿಗ್ಗೆ ಬಾವಿ ನೀರು ಬಾಯಿಗೆ ಬರೀ ನೀರಿನಂತೆ ಅನ್ನಿಸಿದಾಗ ಮತ್ತೆ ಮೇಜಿಗೆ ಬಂದರು. ಈಗ ಕೋಣೆಯಲ್ಲಿ ಹೊಸ ಕಟ್ಟಳೆ ಇದೆ. ಮೊದಲು ಹೇಮಶ್ರೀ ಹೇಳಬೇಕು, ಆಮೇಲೆ ಗುರುಶಾಂತಮ್ಮ. ಇದರಿಂದ ಅವರ ರೇಗಾಟವೇನೂ ಕಮ್ಮಿಯಾಗಿಲ್ಲ. ಇವತ್ತೂ ಮೂರನೇ ಬಟ್ಟಲಿನ ಮೇಲೆ ಇಬ್ಬರಿಗೂ ಜಟಾಪಟಿ. ಹೇಮಶ್ರೀ ಗೋಣಿಯ ವಾಸನೆ ಎನ್ನುತ್ತಾಳೆ, ಇವರು ಎಲ್ಲೈತೆ ತೋರ್ಸು ಎನ್ನುತ್ತಾರೆ. ತಣ್ಣಗಾದ ಮೇಲೆ ಇನ್ನೊಮ್ಮೆ ಹೀರಿ, ಬಹಳ ಹೊತ್ತು ಸುಮ್ಮನಿದ್ದು, "ಐತೆ, ಬರ್ಕೋ" ಎಂದು ಮುಖ ತಿರುಗಿಸುತ್ತಾರೆ.

ಪೊಟ್ಟಣದ ಮೇಲೆ ಬೆಳೆದವರ ಹೆಸರಿದೆ, ಹುರಿದವರ ಹೆಸರಿದೆ. ರುಚಿ ನೋಡಿದವರದು ಇಲ್ಲ. ಇರಬೇಕಿತ್ತು ಅನ್ನಿಸುವುದಿಲ್ಲವೇ ಎಂದರೆ ಅವರು ಚಮಚ ತೊಳೆಯುತ್ತ ತಲೆ ಕೊಡವುತ್ತಾರೆ.

"ಹೆಸ್ರು ತಗೊಂಡು ಏನ್ಮಾಡ್ಲಿ? ಒಂದೇ ಆಸೆ ಕಣ್ರೀ. ಪ್ಯಾಟೇಲಿ ಕುಡಿಯೋರು ಒಂದು ಗುಟುಕು ನುಂಗಿ ತಕ್ಷಣ ಫೋನ್ ಎತ್ಕೋತಾರಂತೆ. ಹಂಗೆ ಮಾಡ್ಬೇಡಿ ಅಂತ ಬರೀರಿ. ನುಂಗಿದ್ಮೇಲೆ ಒಂದು ಗಳಿಗೆ ಸುಮ್ನೆ ಕೂತ್ಕೊಳ್ಳಿ. ಹಾಲಮ್ಮ ಪಟ್ಟ ಪಾಡೆಲ್ಲ ಆಮೇಲೇ ಬರೋದು."